ಬರದ ಕೂಲಿ: ಧಾತು–ಈಶ್ವರ ಕ್ಷಾಮದಿಂದ ಉದ್ಯೋಗ ಖಾತರಿಯವರೆಗೆ

ಬರ ಬಿದ್ದ ವರ್ಷ ಸರ್ಕಾರ ಹಸಿದವರಿಗೆ ಕೆರೆ ತೋಡುವ, ರಸ್ತೆ ಹಾಕುವ, ಜಲ್ಲಿ ಒಡೆಯುವ ಕೆಲಸ ಕೊಟ್ಟು, ಪ್ರತಿಯಾಗಿ ಕಾಳನ್ನೋ ಕಾಸನ್ನೋ ಕೊಡುವ ಪದ್ಧತಿಗೆ ಬರಗಾಲದ ಕಾಮಗಾರಿ ಎಂದು ಹೆಸರು. ಭಾರತದಲ್ಲಿ ಈ ಪದ್ಧತಿ ಲಿಖಿತ ನಿಯಮವಾದದ್ದು 1876–78ರ ಮಹಾಕ್ಷಾಮದ ನಂತರ. ಹಳೆಯ ಮೈಸೂರು ಸೀಮೆಯಲ್ಲಿ ಆ ಬರ ಧಾತು–ಈಶ್ವರ ಕ್ಷಾಮವೆಂದು ನೆನಪಾಗಿ ಉಳಿದಿದೆ. ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರದಲ್ಲೂ ಬಿಡಲಿಲ್ಲವಾದ್ದರಿಂದ ಎರಡು ವರ್ಷಗಳ ಹೆಸರೂ ಅದಕ್ಕೆ ಸೇರಿಕೊಂಡವು. ಆಗಿನ ಪರಿಹಾರ ಕಾರ್ಯ ಲಕ್ಷಾಂತರ ಜನರನ್ನು ಉಳಿಸಿಕೊಳ್ಳಲಾಗದೆ ಸೋತಿತು. ಆದರೆ ಅದು ಬಿಟ್ಟುಹೋದ ರೈಲುದಾರಿಗಳು ಇಂದಿಗೂ ಬಳಕೆಯಲ್ಲಿವೆ. ಅದರ ಸೋಲಿನಿಂದ ಹುಟ್ಟಿದ ನಿಯಮ ಮುಂದಿನ ನೂರು ವರ್ಷಗಳ ಬರ ಪರಿಹಾರಕ್ಕೆ ಅಚ್ಚಾಯಿತು. ಕೆಲಸ ಕೇಳುವುದು ಪ್ರಜೆಯ ಹಕ್ಕು ಎಂಬ ಇಪ್ಪತ್ತೊಂದನೆಯ ಶತಮಾನದ ಕಾನೂನಿನ ಬೇರೂ ಅಲ್ಲಿಯೇ ಇದೆ.

ಹಗೇವು, ಛತ್ರ ಮತ್ತು ಅರಸನ ಕೆಲಸ

ಮಳೆ ತಪ್ಪುವುದು ಬಯಲುಸೀಮೆಗೆ ಹೊಸದಲ್ಲ. ವಿಜಾಪುರದ ಕಡೆಯ ಜನ 1791–92ರ ಬರವನ್ನು ಡೋಗಿ ಬರ ಎಂದು ತಲೆಮಾರುಗಳ ಕಾಲ ನೆನೆದರು. ಊರೂರಿಗೂ ಬರವನ್ನು ತಾಳಿಕೊಳ್ಳುವ ತನ್ನದೇ ದಾರಿಗಳಿದ್ದವು. ರಾಗಿ ಬೆಳೆಯುವ ಸೀಮೆಯಲ್ಲಿ ನೆಲದೊಳಗೆ ತೋಡಿದ ಹಗೇವುಗಳಲ್ಲಿ ಕಾಳು ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾದಿಡುತ್ತಿದ್ದರು. ರಾಗಿಗೆ ಹುಳು ಬೇಗ ಬೀಳುವುದಿಲ್ಲವಾದ್ದರಿಂದ ಒಂದು ಬೆಳೆ ಹೋದರೂ ಹಗೇವಿನ ಕಾಳು ಮನೆಯನ್ನು ಸಾಕುತ್ತಿತ್ತು. ಸಾವಿರಾರು ಕೆರೆಗಳು ಒಂದರ ಕೋಡಿಯಿಂದ ಇನ್ನೊಂದಕ್ಕೆ ನೀರು ಹರಿಸುವ ಸರಪಳಿಯಾಗಿ ಮೈಸೂರು ಸೀಮೆಯನ್ನು ಹೆಣೆದಿದ್ದವು. ಮಠ, ದೇವಸ್ಥಾನ, ಛತ್ರಗಳ ಅನ್ನದಾನ ಕೈಲಾಗದವರ ಆಸರೆಯಾಗಿತ್ತು.

ಅರಸರು ಕಟ್ಟಡದ ಕೆಲಸ ಎಬ್ಬಿಸಿ ಹಸಿದವರಿಗೆ ಕೂಲಿ ಕೊಟ್ಟ ನಿದರ್ಶನಗಳೂ ಇವೆ. ಲಖನೌದ ಬಡಾ ಇಮಾಮ್‌ಬಾಡಾವನ್ನು ನವಾಬ ಆಸಫ್‌ಉದ್ದೌಲ 1784ರಲ್ಲಿ ಆರಂಭಿಸಿದ್ದು ಇಂಥ ಉದ್ದೇಶದಿಂದ. ಆದರೆ ಇದೆಲ್ಲ ಅರಸನ ಔದಾರ್ಯಕ್ಕೆ ಬಿಟ್ಟ ವಿಷಯವಾಗಿತ್ತು. ಯಾರಿಗೆ, ಯಾವಾಗ, ಎಷ್ಟು ಕೊಡಬೇಕೆಂಬ ಕಟ್ಟಳೆ ಎಲ್ಲಿಯೂ ಬರೆದಿರಲಿಲ್ಲ.

ಬ್ರಿಟಿಷ್ ಆಡಳಿತದ ಕೈಗೆ ಈ ಹೊಣೆ ಬಂದಾಗ ಎರಡು ಅನುಭವಗಳು ಅದರ ಮನಸ್ಸನ್ನು ಎರಡು ಕಡೆ ಎಳೆದವು. 1866ರ ಒಡಿಶಾ ಕ್ಷಾಮದಲ್ಲಿ ಸರ್ಕಾರ ಧಾನ್ಯದ ವ್ಯಾಪಾರದಲ್ಲಿ ಕೈಹಾಕದೆ ಕುಳಿತಿತು. ಮಳೆಗಾಲ ಹಿಡಿದು ಬಂದರುಗಳು ಮುಚ್ಚಿಕೊಂಡ ಮೇಲೆ ಅಕ್ಕಿ ತರಿಸಲು ದಾರಿಯೇ ಉಳಿಯಲಿಲ್ಲ. ಸುಮಾರು ಹತ್ತು ಲಕ್ಷ ಜನ ಸತ್ತರು. 1873–74ರಲ್ಲಿ ಬಿಹಾರ ಮತ್ತು ಬಂಗಾಳದಲ್ಲಿ ಬೆಳೆ ಹೋದಾಗ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಲಾಯಿತು. ಬರ್ಮಾದಿಂದ ಲಕ್ಷಾಂತರ ಟನ್ ಅಕ್ಕಿ ತರಿಸಿ ಹಂಚಿದ್ದರಿಂದ ಹಸಿವಿನ ಸಾವುಗಳು ಹೆಚ್ಚುಕಡಿಮೆ ಆಗಲೇ ಇಲ್ಲ. ಆ ಕೆಲಸವನ್ನು ನಡೆಸಿದ ರಿಚರ್ಡ್ ಟೆಂಪಲ್‌ಗೆ ಸಿಕ್ಕಿದ್ದು ಮಾತ್ರ ಹೊಗಳಿಕೆಯಲ್ಲ. ಬೊಕ್ಕಸವನ್ನು ದುಂದುಮಾಡಿದನೆಂಬ ಟೀಕೆ. ಮೂರು ವರ್ಷಗಳ ನಂತರ ದಕ್ಷಿಣಕ್ಕೆ ಬಂದಾಗ ಅವನು ಆ ಟೀಕೆಯ ಪಾಠವನ್ನೇ ಕಲಿತು ಬಂದಿದ್ದ.

ಮಳೆ ಕೈಕೊಟ್ಟ ವರ್ಷಗಳು

ಮೈಸೂರು ಸೀಮೆಯಲ್ಲಿ 1875ರ ಮಳೆಯೇ ಸಾಲದಾಗಿತ್ತು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಮದರಾಸು ಪ್ರಾಂತ, ಮುಂಬಯಿ ಪ್ರಾಂತದ ದಖನ್ ಜಿಲ್ಲೆಗಳು, ಹೈದರಾಬಾದ್ ಮತ್ತು ಮೈಸೂರು ಒಟ್ಟಿಗೆ ಬರಕ್ಕೆ ಸಿಕ್ಕಿದವು. ಇಂದಿನ ಕರ್ನಾಟಕದ ನಕ್ಷೆಯಲ್ಲಿ ಹೇಳುವುದಾದರೆ ಬಳ್ಳಾರಿ, ವಿಜಾಪುರ, ಬಾಗಲಕೋಟೆ, ಗದಗ, ಧಾರವಾಡ, ರಾಯಚೂರು, ಚಿತ್ರದುರ್ಗ, ತುಮಕೂರು, ಕೋಲಾರ, ಬೆಂಗಳೂರು ಎಲ್ಲವೂ ಅದರ ಹೊಡೆತದೊಳಗಿದ್ದವು. 1877ರ ಮುಂಗಾರು ಮತ್ತೆ ತಡವಾದಾಗ ಹಗೇವುಗಳು ಬರಿದಾಗಿದ್ದವು. ದನಕರುಗಳು ಸತ್ತಿದ್ದವು. ಪಾತ್ರೆಪಡಗ, ಒಡವೆ, ಕೊನೆಗೆ ಮನೆಯ ಬಾಗಿಲು ತೊಲೆಗಳೂ ಮಾರಾಟವಾಗಿದ್ದವು.

ಮೈಸೂರು ಆಗ ಅರಸರ ಕೈಯಲ್ಲಿರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದರು. ಬೆಂಗಳೂರಿಗೆ 1864ರಿಂದ ಮದರಾಸಿನ ಕಡೆಯ ರೈಲು ಸಂಪರ್ಕವಿತ್ತು, ಧಾನ್ಯವೂ ಆ ದಾರಿಯಲ್ಲಿ ಬಂತು. ಕಷ್ಟ ಶುರುವಾಗುತ್ತಿದ್ದುದು ನಿಲ್ದಾಣದಿಂದ ಆಚೆಗೆ. ಅಲ್ಲಿಂದ ಮುಂದೆ ಗಾಡಿ ಎಳೆಯುವ ಎತ್ತುಗಳಿಗೆ ಮೇವೂ ಇರಲಿಲ್ಲ, ನೀರೂ ಇರಲಿಲ್ಲ. ಕಾಳು ಬೆಂಗಳೂರಿನಲ್ಲಿದ್ದರೂ ಐವತ್ತು ಅರವತ್ತು ಮೈಲಿ ದೂರದ ಊರಿಗೆ ಅದು ಮುಟ್ಟುವುದು ದುಸ್ತರವಾಯಿತು. ಹಾಗಾಗಿ ಜನವೇ ಕಾಳಿದ್ದ ಕಡೆಗೆ ನಡೆದರು. ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತ ಎಲುಬುಗೂಡುಗಳಂಥ ಜನರ ಚಿತ್ರ 1877ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಅಲ್ಲಿನ ಓದುಗರನ್ನು ತಲ್ಲಣಗೊಳಿಸಿತು.

ಇದೇ ಸಮಯದಲ್ಲಿ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಸಾರುವ ದರ್ಬಾರು ದೆಹಲಿಯಲ್ಲಿ ನಡೆಯಿತು. ಧಾನ್ಯದ ರಫ್ತನ್ನು ತಡೆಯಲು ವೈಸ್‌ರಾಯ್ ಲಾರ್ಡ್ ಲಿಟ್ಟನ್ ಒಪ್ಪಲಿಲ್ಲ. ಬೆಲೆ ತಾನಾಗಿ ಏರಿದರೆ ಕಾಳು ತಾನಾಗಿ ಕೊರತೆಯಿರುವ ಕಡೆಗೆ ಹರಿದುಬರುತ್ತದೆ ಎಂಬುದು ಆ ಕಾಲದ ಅರ್ಥಶಾಸ್ತ್ರದ ನಂಬಿಕೆ. ಕೊಳ್ಳುವವನ ಕೈಯಲ್ಲಿ ಕಾಸೇ ಇಲ್ಲದಿದ್ದಾಗ ಆ ನಂಬಿಕೆ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ.

ಟೆಂಪಲ್ ಕೂಲಿ

1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಕ್ಷಾಮ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ. ಪರಿಹಾರದ ಖರ್ಚನ್ನು ಹತೋಟಿಯಲ್ಲಿಡುವುದು ಅವನಿಗೆ ವಹಿಸಿದ ಮುಖ್ಯ ಕೆಲಸ. ಕಾಮಗಾರಿಗಳಲ್ಲಿದ್ದವರ ಸಂಖ್ಯೆಯನ್ನು ಅವನು ಇಳಿಸಿದ, ಕೂಲಿಯನ್ನೂ ಕಡಿತಗೊಳಿಸಿದ. ದಿನವಿಡೀ ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಕಾಳು ಕೊಳ್ಳುವಷ್ಟು ಹಣ ಮತ್ತು ಮೇಲೆ ಒಂದಾಣೆ. ಹೆಂಗಸರಿಗೂ ಕೆಲಸ ಮಾಡುವ ಮಕ್ಕಳಿಗೂ ಇನ್ನಷ್ಟು ಕಡಿಮೆ. ಇದು ಟೆಂಪಲ್ ಕೂಲಿ ಎಂದೇ ಹೆಸರಾಯಿತು. ನಿಜವಾಗಿ ಹಸಿದವರು ಮಾತ್ರ ಬರಲಿ ಎಂಬ ಉದ್ದೇಶದಿಂದ ಮನೆಯಿಂದ ಹತ್ತು ಮೈಲಿ ಆಚೆಗಿನ ಶಿಬಿರದಲ್ಲೇ ಕೆಲಸಕ್ಕೆ ಹೋಗಬೇಕೆಂಬ ಷರತ್ತನ್ನೂ ಹೇರಲಾಯಿತು.

ಮದರಾಸು ಪ್ರಾಂತದ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ವೈದ್ಯ ಡಬ್ಲ್ಯು.ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ದುಡಿಯುವ ಮನುಷ್ಯನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಅದರ ಜೊತೆಗೆ ಬೇಳೆ, ತರಕಾರಿ ಬೇಕೆಂಬುದು ಅವನ ವಾದ. ಸೆರೆಮನೆಯ ಕೈದಿಗೆ ಸಿಗುವ ಊಟಕ್ಕಿಂತಲೂ ಕಾಮಗಾರಿಯ ಕೂಲಿ ಕಡಿಮೆಯೆಂದು ಅವನು ಲೆಕ್ಕ ಮುಂದಿಟ್ಟ. ಮುಂಬಯಿ ಪ್ರಾಂತದ ದಖನ್ ಜಿಲ್ಲೆಗಳಲ್ಲಿ ಕೂಲಿಗಾರರು ಗುಂಪುಗುಂಪಾಗಿ ಕೆಲಸ ಬಿಟ್ಟು ಹೊರಟು ಪ್ರತಿಭಟಿಸಿದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಅರ್ಜಿಗಳನ್ನು ಬರೆಯಿತು. ಹಸಿದ ಜನ ಸರ್ಕಾರದ ಕೂಲಿಯ ದರವನ್ನು ಒಪ್ಪುವುದಿಲ್ಲವೆಂದು ಒಟ್ಟಾಗಿ ಹೇಳಿದ ಮೊದಲ ದೊಡ್ಡ ಸಂದರ್ಭಗಳಲ್ಲಿ ಇದೊಂದು. ಮದರಾಸು ಸರ್ಕಾರ ಕೆಲವು ತಿಂಗಳಲ್ಲಿ ಕೂಲಿಯನ್ನು ಒಂದೂಕಾಲು ಪೌಂಡಿಗೆ ಏರಿಸಿ, ಜೊತೆಗೆ ಸ್ವಲ್ಪ ಬೇಳೆಯನ್ನೂ ಸೇರಿಸಿತು. ಅಷ್ಟರಲ್ಲಿ ಸೊರಗಿದ ದೇಹಗಳಿಗೆ ಕಾಲರಾ, ಭೇದಿ, ಸಿಡುಬು ತಗುಲಿದ್ದವು. ಮಳೆ ಬಂದ ಮೇಲೆ ಮಲೇರಿಯಾ ಸೇರಿಕೊಂಡಿತು.

ಮೈಸೂರಿನಲ್ಲಿ ಪರಿಹಾರ ಬಹುಮಟ್ಟಿಗೆ ಗಂಜಿಯ ಕೇಂದ್ರಗಳ ಮೂಲಕ ನಡೆಯುತ್ತಿತ್ತು. ದುಡಿಯಬಲ್ಲವರು, ದುಡಿಯಲಾರದವರು ಎಲ್ಲರೂ ಅಲ್ಲಿಗೇ ಬಂದು ಸೇರುತ್ತಿದ್ದರು. ದೊಡ್ಡ ಕಾಮಗಾರಿಗಳನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿರಲಿಲ್ಲ. 1877ರ ಸೆಪ್ಟೆಂಬರ್‌ನಲ್ಲಿ ಲಿಟ್ಟನ್ ತಾನೇ ಮೈಸೂರಿಗೆ ಬಂದ. ಚಾರ್ಲ್ಸ್ ಎಲಿಯಟ್ ಇಲ್ಲಿನ ಕ್ಷಾಮ ಕಮಿಷನರ್ ಆಗಿ ನೇಮಕಗೊಂಡ. ಗಂಜಿಮನೆಗಳಿಂದ ಶಕ್ತರನ್ನು ಕಾಮಗಾರಿಗಳಿಗೆ ಸಾಗಿಸುವ ವ್ಯವಸ್ಥೆ ನಡೆಯಿತು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಳೆ ಸುರಿಯಿತಾದರೂ ಬಹಳ ಜನರ ಪಾಲಿಗೆ ಹೊತ್ತು ಮೀರಿತ್ತು.

ಆಗಿಹೋದ ನಷ್ಟವನ್ನು ಜನಗಣತಿ ಅಳೆಯಿತು. 1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಸಂಖ್ಯೆ ನೂರಕ್ಕೆ ಹದಿನೇಳರಷ್ಟು ಇಳಿದಿತ್ತು. ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ ತನ್ನ ಜನಸಂಖ್ಯೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಸತ್ತವರ ಸಂಖ್ಯೆ ಸುಮಾರು 55 ಲಕ್ಷವೆಂಬ ಅಂದಾಜು ಪ್ರಚಲಿತವಾಗಿದೆ.

ರೈಲುದಾರಿ ಮತ್ತು ಕಾಲುವೆ

ಕ್ಷಾಮದ ಕೂಲಿಯಿಂದ ಕಟ್ಟಿದ ಕೆಲಸಗಳೆಲ್ಲ ಉಳಿಯಲಿಲ್ಲ. ಅವಸರದಲ್ಲಿ ಎಬ್ಬಿಸಿದ ರಸ್ತೆಗಳು ಮಳೆಗೆ ಕೊಚ್ಚಿಹೋದವು. ಅರ್ಧಕ್ಕೆ ನಿಂತ ಏರಿಗಳು ಮಣ್ಣಿನ ದಿಬ್ಬಗಳಾಗಿ ಉಳಿದವು. ಮೊದಲೇ ಅಳತೆ ಮಾಡಿ ನಕ್ಷೆ ಸಿದ್ಧವಾಗಿದ್ದ, ಆಮೇಲೆಯೂ ಹಣ ಹರಿದ ಕಾಮಗಾರಿಗಳು ಮಾತ್ರ ಬಾಳಿದವು. ಅವುಗಳಲ್ಲಿ ಕನ್ನಡ ನಾಡಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬೆಂಗಳೂರು–ಮೈಸೂರು ರೈಲುದಾರಿ. ಕ್ಷಾಮದ ಕಾಲದಲ್ಲಿ ಅದರ ಮಣ್ಣಿನ ಕೆಲಸ ಪರಿಹಾರ ಕಾಮಗಾರಿಯಾಗಿ ಆರಂಭವಾಯಿತು. 1881ರಲ್ಲಿ ಚನ್ನಪಟ್ಟಣದವರೆಗೆ, 1882ರಲ್ಲಿ ಮೈಸೂರಿನವರೆಗೆ ಮೀಟರ್ ಗೇಜಿನ ಬಂಡಿ ಓಡಿತು. ಮುಂದೆ ತುಮಕೂರು, ಗುಬ್ಬಿಯ ಕಡೆಗೆ ಬೆಳೆದ ಇನ್ನೊಂದು ದಾರಿ 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿ ಮುಂಬಯಿ ಕರ್ನಾಟಕದೊಡನೆ ಕೂಡಿಕೊಂಡಿತು.

ಉತ್ತರದಲ್ಲಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ಹಾದು ಗದಗಕ್ಕೆ ಬರುವ ದಾರಿಯೂ ಇದೇ ಬರದ ಫಲ. ಬರ ನಿವಾರಣೆಯ ದಾರಿಗಳಲ್ಲಿ ಒಂದಾಗಿ ಅದನ್ನು ಹಾಕಲೆಂದೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ದಾರಿ 1884ರಲ್ಲಿ ಓಡಾಟಕ್ಕೆ ತೆರೆಯಿತು. ಮರುವರ್ಷ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ರೈಲು ಬಂದ ವಿಜಾಪುರಕ್ಕೆ ವರ್ಗವಾಯಿತು. ಪಾಳುಬಿದ್ದಿದ್ದ ಆದಿಲಶಾಹಿಗಳ ರಾಜಧಾನಿ ಮತ್ತೆ ಆಡಳಿತದ ಊರಾಯಿತು. ಅದೇ ಕಂಪನಿ ಹುಬ್ಬಳ್ಳಿಯಲ್ಲಿ ತೆರೆದ ಕಾರ್ಯಾಗಾರ ಆ ಊರನ್ನು ರೈಲ್ವೆ ನಗರವಾಗಿ ಬೆಳೆಸಿತು. ಇಂದಿನ ಹುಬ್ಬಳ್ಳಿಯ ಬೆಳವಣಿಗೆಯ ಹಿಂದೆ ಕಲಾದಗಿಯ ಹಸಿವು ಇದೆಯೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಮದರಾಸಿನಲ್ಲಿ ಕೂವಂ ಮತ್ತು ಅಡ್ಯಾರ್ ನದಿಗಳ ನಡುವಿನ ಕಾಲುವೆಯ ತುಂಡನ್ನು 1877–78ರಲ್ಲಿ ಬರದ ಕೂಲಿಯಿಂದ ತೋಡಿಸಿದರು. ಇದರಿಂದ ಕೋರಮಂಡಲ ಕರಾವಳಿಯ ಉದ್ದಕ್ಕೂ ದೋಣಿಗಳು ಸಾಗುವ ಜಲಮಾರ್ಗ ಜೋಡಣೆಯಾಯಿತು. ಆಗಿನ ಗವರ್ನರನ ಹೆಸರಿನಿಂದ ಅದು ಬಕಿಂಗ್‌ಹ್ಯಾಂ ಕಾಲುವೆ ಎನಿಸಿಕೊಂಡಿತು. 2004ರ ಸುನಾಮಿಯಲ್ಲಿ ಹಲವು ಕಡೆ ಅಲೆಗಳ ಒತ್ತಡವನ್ನು ತನ್ನೊಳಗೆ ಹಿಡಿದು ದಡದ ಒಳಗಿನ ಊರುಗಳನ್ನು ಉಳಿಸಿದ್ದು ಇದೇ ಕಾಲುವೆ. ಮಹಾರಾಷ್ಟ್ರದ ದೌಂಡ್–ಮನ್ಮಾಡ್ ರೈಲುದಾರಿಯೂ ಇದೇ ಕಾಲದ ಕಾಮಗಾರಿ.

ರೈಲಿನ ಪರಿಣಾಮಕ್ಕೆ ಎರಡು ಮುಖಗಳಿದ್ದವು. ಕೊರತೆಯಾದ ಕಡೆಗೆ ಕಾಳು ಬೇಗ ಬಂತು, ಊರಿಂದ ಊರಿಗೆ ಬೆಲೆಯ ಅಂತರ ಕುಗ್ಗಿತು. ಬೆಳೆ ಕೈಗೆ ಬಂದ ವರ್ಷ ಕಾಳು ಅದೇ ದಾರಿಯಲ್ಲಿ ಪೇಟೆಗೂ ಬಂದರಿಗೂ ಹರಿಯಿತು. ಹಗೇವಿನಲ್ಲಿ ನಾಲ್ಕಾರು ವರ್ಷಕ್ಕೆ ಕೂಡಿಡುವ ರೂಢಿ ನಿಧಾನವಾಗಿ ಸಡಿಲವಾಯಿತು. ಕಾಳಿನ ಕ್ಷಾಮಕ್ಕಿಂತ ಕಾಸಿನ ಕ್ಷಾಮ ದೊಡ್ಡದಾಯಿತು. ಪೇಟೆಯಲ್ಲಿ ಧಾನ್ಯವಿದ್ದರೂ ಕೊಳ್ಳುವ ಶಕ್ತಿಯಿಲ್ಲದವನು ಉಪವಾಸ ಬೀಳುತ್ತಿದ್ದ. ಆದ್ದರಿಂದ ಬರ ಪರಿಹಾರವೆಂದರೆ ಧಾನ್ಯ ಸಾಗಿಸುವುದಷ್ಟೇ ಅಲ್ಲ, ಕೂಲಿ ಕೊಟ್ಟು ಕೊಳ್ಳುವ ಶಕ್ತಿ ತುಂಬುವುದು ಎಂಬ ತಿಳಿವಳಿಕೆ ಬಲವಾಯಿತು.

ಕ್ಷಾಮ ಸಂಹಿತೆ

ಮಹಾಕ್ಷಾಮದ ನಂತರ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ನೇಮಕವಾಯಿತು. ಮೈಸೂರಿನ ಅನುಭವ ಹೊತ್ತುಹೋದ ಎಲಿಯಟ್ ಅದರ ಕಾರ್ಯದರ್ಶಿಯಾಗಿದ್ದ. 1880ರಲ್ಲಿ ಬಂದ ವರದಿ, ಬರದಲ್ಲಿ ಜನರ ಜೀವ ಉಳಿಸುವುದು ಸರ್ಕಾರದ ಕರ್ತವ್ಯವೆಂದು ಒಪ್ಪಿಕೊಂಡಿತು. ಅದರ ಆಧಾರದ ಮೇಲೆ 1883ರಲ್ಲಿ ತಾತ್ಕಾಲಿಕ ಕ್ಷಾಮ ಸಂಹಿತೆ ಸಿದ್ಧವಾಗಿ, ಪ್ರಾಂತಗಳು ತಮ್ಮ ತಮ್ಮ ಸಂಹಿತೆಗಳನ್ನು ಮಾಡಿಕೊಂಡವು.

ಸಂಹಿತೆ ಬರೀ ಆಶಯದ ಮಾತಾಗಿರಲಿಲ್ಲ. ಯಾರು ಯಾವ ದಿನ ಏನು ಮಾಡಬೇಕೆಂಬ ಕೈಪಿಡಿಯಾಗಿತ್ತು. ಮಳೆಯ ಲೆಕ್ಕ, ಕಾಳಿನ ಬೆಲೆ, ದನಗಳ ಮಾರಾಟ, ಜನ ಗುಳೆ ಹೋಗುವುದು, ಸಣ್ಣ ಕಳ್ಳತನಗಳು ಹೆಚ್ಚುವುದು ಇವೆಲ್ಲ ಬರದ ಮುನ್ಸೂಚನೆಗಳು. ಊರಿನ ಪಟೇಲ ಮತ್ತು ಶ್ಯಾನುಭೋಗರಿಂದ ತಾಲೂಕು ಕಚೇರಿಗೆ, ಅಲ್ಲಿಂದ ಜಿಲ್ಲೆಗೆ ಈ ಸುದ್ದಿ ನಿಯತವಾಗಿ ಏರಬೇಕು. ಅನುಮಾನ ಬಂದ ಕೂಡಲೇ ಪರೀಕ್ಷಾ ಕಾಮಗಾರಿ ತೆರೆಯಬೇಕು. ಕಡಿಮೆ ಕೂಲಿಯ ಆ ಕೆಲಸಕ್ಕೂ ಜನ ಮುಗಿಬಿದ್ದರೆ ಹಸಿವು ನಿಜವೆಂದು ತಿಳಿದು ಬರವನ್ನು ಘೋಷಿಸಬೇಕು. ದುಡಿಯಬಲ್ಲವರಿಗೆ ಕಾಮಗಾರಿ, ಮುದುಕರು, ರೋಗಿಗಳು, ಕೈಲಾಗದವರಿಗೆ ಊರಿನಲ್ಲೇ ಉಚಿತ ನೆರವು. ಕೂಲಿಯನ್ನು ಕಾಳಿನ ಅಳತೆಯಲ್ಲಿ ನಿಗದಿ ಮಾಡಿ, ಪೇಟೆಯ ಬೆಲೆ ಏರಿದಂತೆ ಹಣವನ್ನೂ ಏರಿಸಬೇಕು. ಕಂದಾಯವನ್ನು ಮುಂದೂಡಬೇಕು, ಅಗತ್ಯವಾದರೆ ಬಿಡಬೇಕು. ಕಾಡುಗಳನ್ನು ದನಗಳ ಮೇವಿಗೆ ತೆರೆಯಬೇಕು. ಎಲ್ಲಕ್ಕಿಂತ ಉಪಯುಕ್ತವಾದ ನಿಯಮವೆಂದರೆ, ಪ್ರತಿ ಜಿಲ್ಲೆಯೂ ಸುಭಿಕ್ಷದ ವರ್ಷದಲ್ಲೇ ಕಾಮಗಾರಿಗಳ ಪಟ್ಟಿ ಮತ್ತು ನಕ್ಷೆ ಸಿದ್ಧವಿಟ್ಟುಕೊಳ್ಳಬೇಕು ಎಂಬುದು.

ಬಾವಿ ತೋಡಲು, ಬದು ಹಾಕಲು ಸಾಲ ಕೊಡುವ ಭೂ ಸುಧಾರಣಾ ಸಾಲ ಕಾಯಿದೆ 1883ರಲ್ಲಿ, ಬೀಜ ಮತ್ತು ಎತ್ತು ಕೊಳ್ಳಲು ಸಾಲ ಕೊಡುವ ಕೃಷಿಕರ ಸಾಲ ಕಾಯಿದೆ 1884ರಲ್ಲಿ ಬಂದವು. ತಗಾವಿ ಎಂಬ ಹೆಸರಿನಲ್ಲಿ ರೈತರ ಬಾಯಲ್ಲಿ ದಶಕಗಳ ಕಾಲ ಇದ್ದ ಸಾಲ ಇದೇ. ಮುಂದಿನ ಬರಗಳಿಗಾಗಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ಕ್ಷಾಮ ವಿಮಾ ನಿಧಿಯನ್ನೂ ತೆಗೆದಿರಿಸಲು ಸರ್ಕಾರ ನಿರ್ಧರಿಸಿತ್ತು. ಅದಕ್ಕಾಗಿ ಹೊಸ ತೆರಿಗೆ ಹಾಕಿದರೂ ಅಫ್ಘಾನಿಸ್ತಾನದ ಯುದ್ಧ ಬಂದಾಗ ನಿಧಿ ಬೇರೆ ದಾರಿ ಹಿಡಿಯಿತು. ಬರಕ್ಕೆಂದು ಎತ್ತಿದ ಹಣ ಬರಕ್ಕೇ ಸಲ್ಲಬೇಕೆಂಬ ಒತ್ತಾಯ ಆಗಿನ ಭಾರತೀಯ ಪತ್ರಿಕೆಗಳ ಮುಖ್ಯ ವಿಷಯಗಳಲ್ಲೊಂದಾಯಿತು.

ಸಂಹಿತೆಯಲ್ಲಿ ಟೆಂಪಲ್‌ನ ಜಿಪುಣತನದ ನೆರಳೂ ಉಳಿದಿತ್ತು. ಬಡವನು ಸುಳ್ಳು ಹೇಳಿ ನೆರವು ಪಡೆಯುತ್ತಾನೆಂಬ ಗುಮಾನಿ, ಜೀವ ಹಿಡಿದಿಡುವಷ್ಟೇ ಕೂಲಿ ಸಾಕೆಂಬ ಲೆಕ್ಕ, ಕೆಲಸದ ಕಷ್ಟವೇ ಹಸಿವಿಗೆ ಪರೀಕ್ಷೆಯೆಂಬ ತರ್ಕ ನಿಯಮದ ಒಳಗೆ ಹೊಕ್ಕವು. ಬರದ ಕಾಮಗಾರಿಯ ಕೂಲಿ ಬೇರೆ ಕೂಲಿಗಿಂತ ಕಡಿಮೆಯೇ ಇರಬೇಕೆಂಬ ಮನೋಭಾವ ಸ್ವಾತಂತ್ರ್ಯದ ನಂತರವೂ ಆಡಳಿತವನ್ನು ಬಿಡಲಿಲ್ಲ.

ಮೈಸೂರಿನ ಮೇಲಿನ ಭಾರ

ಮೈಸೂರು ಸಂಸ್ಥಾನವನ್ನು ಕ್ಷಾಮ ಇನ್ನೊಂದು ಬಗೆಯಲ್ಲೂ ಬಹುಕಾಲ ಬಾಧಿಸಿತು. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯ ಮರಳಿ ಬಂದಾಗ ಬೊಕ್ಕಸದಲ್ಲಿ ಕೂಡಿಟ್ಟ ಹಣ ಕರಗಿ, ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿಯ ಸಾಲ ಉಳಿದಿತ್ತು. ತಮ್ಮ ಅಧಿಕಾರಿಗಳು ನಡೆಸಿದ ಪರಿಹಾರದ ಖರ್ಚನ್ನು ಬ್ರಿಟಿಷರು ಅರಸರ ಲೆಕ್ಕಕ್ಕೆ ಬರೆದುಕೊಟ್ಟರು. ಇದರ ಮೇಲೆ ಸಂಸ್ಥಾನ ಕೊಡಬೇಕಾದ ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಿದ್ದರು. ಪರಿಸ್ಥಿತಿ ಬಿಗಡಾಯಿಸಿದ್ದರಿಂದ ಆ ಏರಿಕೆಯನ್ನು 1896ರವರೆಗೆ ಮುಂದೂಡಬೇಕಾಯಿತು.

ದಿವಾನ್ ರಂಗಾಚಾರ್ಲು ಖರ್ಚನ್ನು ಬಿಗಿಹಿಡಿದರು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ಕೆಲಕಾಲ ಬೇರೆ ಜಿಲ್ಲೆಗಳಿಗೆ ಸೇರಿಸಲಾಯಿತು. ಅಂಥ ದಿನಗಳಲ್ಲೂ ಅವರು ರೈಲುದಾರಿಯ ಕೆಲಸವನ್ನು ನಿಲ್ಲಿಸಲಿಲ್ಲ. 1881ರ ದಸರೆಯಲ್ಲಿ ಮೊದಲ ಬಾರಿಗೆ ಸೇರಿದ ಪ್ರಜಾಪ್ರತಿನಿಧಿ ಸಭೆ, ಬರದಿಂದ ಈಗಷ್ಟೇ ಎದ್ದ ರೈತರ ಮತ್ತು ವರ್ತಕರ ಅಹವಾಲು ಕೇಳುವ ವೇದಿಕೆಯಾಯಿತು. ನಂತರ ಬಂದ ಶೇಷಾದ್ರಿ ಅಯ್ಯರ್ ರೈಲು ಮತ್ತು ನೀರಾವರಿಗೆ ಹೆಚ್ಚಿನ ಹಣ ಹೂಡಿದರು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಬರಕ್ಕೆ ಪದೇಪದೇ ಸಿಕ್ಕುವ ಚಿತ್ರದುರ್ಗದ ಸೀಮೆಗೆ ನೀರಿನ ಕಾವಲಾಯಿತು. ಬಳ್ಳಾರಿ ಮತ್ತು ರಾಯಲಸೀಮೆಗಳಿಗೆ ತುಂಗಭದ್ರೆಯ ನೀರು ಹರಿಸಬೇಕೆಂಬ ಹತ್ತೊಂಬತ್ತನೆಯ ಶತಮಾನದ ಯೋಚನೆಗೂ ಪ್ರತಿಯೊಂದು ಬರವೂ ಹೊಸ ಜೀವ ಕೊಟ್ಟಿತು. ಅದರ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ.

ನಿಯಮದ ಗೆಲುವು ಮತ್ತು ಸೋಲು

ಸಂಹಿತೆಯ ಮೊದಲ ದೊಡ್ಡ ಪರೀಕ್ಷೆ ನಡೆದದ್ದು 1896–97 ಮತ್ತು 1899–1900ರ ಬರಗಳಲ್ಲಿ. ಎರಡೂ ದೇಶವ್ಯಾಪಿಯಾಗಿದ್ದವು. ಎರಡನೆಯದರಲ್ಲಿ ಒಂದು ಹಂತದಲ್ಲಿ ಪರಿಹಾರ ಪಡೆಯುತ್ತಿದ್ದವರ ಸಂಖ್ಯೆ ಸುಮಾರು 60 ಲಕ್ಷ ಮುಟ್ಟಿತ್ತು. ಆಗಲೂ ಸಾವುಗಳು ಬಹಳವಾದವು. ಕೆಲವು ಪ್ರಾಂತಗಳು ಖರ್ಚಿಗೆ ಹೆದರಿ ತಡಮಾಡಿದ್ದು, ಶಿಬಿರಗಳಲ್ಲಿ ಕಾಲರಾ ಹಬ್ಬಿದ್ದು ಅದಕ್ಕೆ ಕಾರಣ. ಅವುಗಳ ನಂತರ ಬಂದ 1898 ಮತ್ತು 1901ರ ಆಯೋಗಗಳು ನೆರವು ಬೇಗ ಮೊದಲಾಗಬೇಕು, ಜನರ ಧೈರ್ಯ ಕುಸಿಯುವ ಮುನ್ನವೇ ತಗಾವಿ ಸಾಲ ಮತ್ತು ಕಂದಾಯದ ವಿನಾಯಿತಿ ಕೈಸೇರಬೇಕು ಎಂದು ತಿದ್ದಿದವು. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಬರಗಳು ಬಂದರೂ 1876ರಂಥ ಸಾಮೂಹಿಕ ಸಾವು ಮರುಕಳಿಸಲಿಲ್ಲ.

ನಿಯಮವಿದ್ದೂ ಅದನ್ನು ಜಾರಿಮಾಡದಿದ್ದರೆ ಏನಾಗುತ್ತದೆಂಬುದನ್ನು 1943ರ ಬಂಗಾಳ ತೋರಿಸಿತು. ಅಲ್ಲಿನ ಸರ್ಕಾರ ಸಂಹಿತೆಯ ಪ್ರಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ. ಘೋಷಿಸಿದರೆ ನಿಗದಿಯಾದಷ್ಟು ಕಾಳನ್ನು ಪ್ರತಿಯೊಬ್ಬರಿಗೂ ಕೊಡಬೇಕಾಗುತ್ತಿತ್ತು, ಅಷ್ಟು ಕಾಳು ತನ್ನ ಕೈಯಲ್ಲಿಲ್ಲ ಎಂಬುದು ಗವರ್ನರನ ಕಾರಣ. ಸುಮಾರು 30 ಲಕ್ಷ ಜನ ಸತ್ತರು. ಬಂಗಾಳದವರೇ ಆದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಕ್ಷಾಮ ಧಾನ್ಯ ಮಾಯವಾದ್ದರಿಂದ ಆದದ್ದಲ್ಲ, ಕೂಲಿಕಾರರು ಮತ್ತು ಮೀನುಗಾರರಂಥವರು ಕೊಳ್ಳುವ ಶಕ್ತಿ ಕಳೆದುಕೊಂಡಿದ್ದರಿಂದ ಆದದ್ದು ಎಂದು ವಾದಿಸಿದರು.

ಪರಿಹಾರದಿಂದ ಹಕ್ಕಿಗೆ

ಸ್ವತಂತ್ರ ಭಾರತದಲ್ಲಿ ಬರದ ಕಾಮಗಾರಿಗೆ ಹೊಸ ತಿರುವು ಸಿಕ್ಕಿದ್ದು ಮಹಾರಾಷ್ಟ್ರದಲ್ಲಿ. ವಿಜಾಪುರ ಮತ್ತು ಬೆಳಗಾವಿಗಳಿಗೆ ಗಡಿಯಾಗಿರುವ ಸಾಂಗ್ಲಿ ಜಿಲ್ಲೆಯ ತಾಸಗಾಂವ ಭಾಗದಲ್ಲಿ, ಕೇಳಿದವರಿಗೆ ಕೆಲಸ ಕೊಡುವ ಪ್ರಯೋಗವನ್ನು 1965ರಲ್ಲಿ ವಿ.ಎಸ್. ಪಾಗೆ ಅವರ ಪ್ರೇರಣೆಯಿಂದ ನಡೆಸಲಾಗಿತ್ತು. ಪಾಗೆ ಗಾಂಧಿವಾದಿ, ರಾಜ್ಯದ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದವರು. 1972–73ರ ಭೀಕರ ಬರದಲ್ಲಿ ಆ ಪ್ರಯೋಗ ರಾಜ್ಯಕ್ಕೆಲ್ಲ ಹರಡಿತು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಜಿನುಗು ಕೆರೆ ಕಟ್ಟುವುದು, ಬದು ಹಾಕುವುದು, ಖಡಿ ಒಡೆಯುವುದು ಅವರ ಕೆಲಸ. ಅಷ್ಟು ದೊಡ್ಡ ಬರ ಅಷ್ಟು ಕಡಿಮೆ ಸಾವಿನಲ್ಲಿ ಕಳೆದದ್ದು ಈ ಕೂಲಿಯಿಂದಲೇ.

ಬರ ಮುಗಿದ ಮೇಲೆ ಕಾಮಗಾರಿಗಳನ್ನು ಮುಚ್ಚುವ ಹಳೆಯ ಪದ್ಧತಿಯನ್ನು ಮಹಾರಾಷ್ಟ್ರ ಕೈಬಿಟ್ಟಿತು. ಅಲ್ಲಿನ ಉದ್ಯೋಗ ಖಾತರಿ ಕಾಯಿದೆ 1977ರಲ್ಲಿ ಅಂಗೀಕಾರವಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ಪೇಟೆಗಳಲ್ಲಿ ದುಡಿಯುವವರ ಮೇಲೆ ಹಾಕಿದ ವೃತ್ತಿ ತೆರಿಗೆ ಅದರ ಮುಖ್ಯ ಆದಾಯಗಳಲ್ಲೊಂದು. ಕೆಲಸಕ್ಕೆ ಬಂದವರಲ್ಲಿ ಹೆಂಗಸರ ಪಾಲು ದೊಡ್ಡದಾಗಿತ್ತು. ಸಂಹಿತೆಯ ಕಾಲದಲ್ಲಿ ಬರವನ್ನು ಘೋಷಿಸುವುದು ಸರ್ಕಾರದ ಕೈಯಲ್ಲಿತ್ತು. ಈಗ ಕೆಲಸ ಬೇಕೆಂದು ಅರ್ಜಿ ಹಾಕುವ ಕೂಲಿಕಾರನೇ ಘೋಷಣೆ ಮಾಡುವವನಾದ. ಈ ಬದಲಾವಣೆಯೇ ಎರಡು ಕಾಲಗಳನ್ನು ಬೇರ್ಪಡಿಸುವ ಗೆರೆ.

ಇಡೀ ದೇಶದ ಮಟ್ಟದಲ್ಲಿ 1973–74ರ ಬರಪೀಡಿತ ಪ್ರದೇಶಗಳ ಕಾರ್ಯಕ್ರಮ, 1977ರ ಕೂಲಿಗಾಗಿ ಕಾಳು, 1989ರ ಜವಾಹರ್ ರೋಜಗಾರ್ ಯೋಜನೆ ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಹಣ ಇದ್ದಷ್ಟು ದಿನ ಕೆಲಸ, ಹಣ ಮುಗಿದರೆ ಕೆಲಸವೂ ಮುಗಿಯಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ (ನರೇಗಾ) ಕೆಲಸವನ್ನು ಹಕ್ಕಾಗಿ ಮಾಡಿತು. ಹಳ್ಳಿಯ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 100 ದಿನ ಕೆಲಸ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ. ಕೆಲಸಗಾರರಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಕೆಲಸ ಸಾಧ್ಯವಾದಷ್ಟು ಊರಿನಿಂದ ಐದು ಕಿಲೋಮೀಟರಿನೊಳಗೇ ಇರಬೇಕೆಂಬ ನಿಯಮವೂ ಅದರಲ್ಲಿತ್ತು. ಹೆಂಗಸಿಗೆ ಕಡಿಮೆ ಕೂಲಿ, ಹತ್ತು ಮೈಲಿ ದೂರದ ಶಿಬಿರ ಎಂಬ 1877ರ ಕಟ್ಟಳೆಗಳಿಗೆ ಕೊಟ್ಟ ನೇರ ಉತ್ತರದಂತೆ ಇವು ಕಾಣುತ್ತವೆ.

ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ಜಿಲ್ಲೆಗಳು ಬೀದರ್, ಗುಲಬರ್ಗಾ, ರಾಯಚೂರು, ಚಿತ್ರದುರ್ಗ ಮತ್ತು ದಾವಣಗೆರೆ. 2008ರ ಏಪ್ರಿಲ್‌ನಿಂದ ಎಲ್ಲ ಜಿಲ್ಲೆಗಳೂ ಸೇರಿದವು. ಬದು, ಕೃಷಿ ಹೊಂಡ, ಕೆರೆಯ ಹೂಳು, ಹಳ್ಳದ ತಡೆ, ಗೋಕಟ್ಟೆ ಇವು ನರೇಗಾದ ಕೆಲಸಗಳೆಂದು ಹಳ್ಳಿಯ ಮಾತಿನಲ್ಲಿ ಸೇರಿಕೊಂಡವು. ಕೂಲಿಕಾರರ ಗುಂಪಿನ ಹಾಜರಿ ನೋಡಿಕೊಳ್ಳುವವರಿಗೆ ಮೇಸ್ತ್ರಿಯೆಂಬ ಹಳೆಯ ಹೆಸರು ಹೋಗಿ ಕಾಯಕ ಬಂಧು ಎಂಬ ಹೆಸರು ಬಂತು. ಕೂಲಿ ತಡವಾಗಿ ಬರುವುದು, ಹಾಜರಿ ಪುಸ್ತಕದಲ್ಲಿ ಸುಳ್ಳು ಹೆಸರುಗಳು ಸೇರುವುದು, ಕೇಳಿದಷ್ಟು ದಿನ ಕೆಲಸ ಸಿಗದಿರುವುದು ಇಂಥ ದೂರುಗಳೂ ಬೆಂಬಿಡಲಿಲ್ಲ. ದೂರುವುದಕ್ಕೆ ಕಾನೂನಿನ ನೆಲೆ ಇತ್ತೆಂಬುದೇ ಹಿಂದಿನದಕ್ಕಿಂತ ಬೇರೆಯಾದ ಸಂಗತಿ.

ಈ ಕಾಯಿದೆಯ ಮೊದಲ ಕೆಲಸವನ್ನು 2006ರ ಫೆಬ್ರವರಿ 2ರಂದು ಆರಂಭಿಸಿದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿ ಎಂಬ ಹಳ್ಳಿಯಲ್ಲಿ. ಅನಂತಪುರ 1882ರವರೆಗೆ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಧಾತು–ಈಶ್ವರ ಕ್ಷಾಮದ ಕಾಲದಲ್ಲಿ ಅದು ಬಳ್ಳಾರಿ ಜಿಲ್ಲೆಯ ಭಾಗ. ಒಂದು ಪೌಂಡು ಕಾಳಿಗಾಗಿ ಜನ ಕಲ್ಲು ಒಡೆಯುತ್ತ ಸತ್ತ ಸೀಮೆಯಲ್ಲೇ, 129 ವರ್ಷಗಳ ನಂತರ, ಕೆಲಸ ಕೇಳುವುದು ಹಕ್ಕೆಂಬ ಕಾನೂನು ಜಾರಿಗೆ ಬಂತು. ಬರ ಪರಿಹಾರದ ಇತಿಹಾಸ ಕಲಿಸುವುದು ಇಷ್ಟು: ರೈಲುದಾರಿ, ಕಾಲುವೆಗಳು ಮುಂದಿನ ತಲೆಮಾರಿಗೆ ಲಾಭವಾಗಿ ಉಳಿಯುತ್ತವೆ, ಆದರೆ ಹಸಿದವನ ಜೀವ ಉಳಿಸುವುದು ಬರಕ್ಕೆ ಮುಂಚೆಯೇ ಬರೆದಿಟ್ಟ ನಿಯಮ ಮತ್ತು ಅದನ್ನು ಹೊತ್ತು ಮೀರದಂತೆ ಜಾರಿಗೆ ತರುವ ಸರ್ಕಾರ.